ಇಸ್ತ್ರಿಪೆಟ್ಟಿಗೆ ಎಂಬ ಪದ ದೂರಿನಲ್ಲಿ ಇರಲೇಬೇಕು

ಪ್ರಶ್ನೆ: ಮೇಡಂ, ನಮ್ಮ ಅಮ್ಮ ಆರು ವರ್ಷಗಳಿಂದ ಒಂದೇ ಮನೆಯಲ್ಲಿ ಕೆಲಸಕ್ಕಿದ್ದರು. ಇಸ್ತ್ರಿ ಮಾಡುವಾಗ ಒಂದು ಸೀರೆಯ ಸೆರಗು ಸುಟ್ಟಿತು. ಆ ಮನೆಯ ಯಜಮಾನಿ ಅದೇ ಇಸ್ತ್ರಿಪೆಟ್ಟಿಗೆಯನ್ನು ಅಮ್ಮನ ಬಲಗೈಗೆ ಒತ್ತಿದರು. ಸಂಜೆಯವರೆಗೆ ಕೋಣೆಯಲ್ಲಿ ಕೂಡಿಹಾಕಿ ಮೊಬೈಲ್ ಕಿತ್ತುಕೊಂಡಿದ್ದರು. ಆಮೇಲೆ ತಾವೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ‘ಬಿಸಿ ಎಣ್ಣೆ ಬಿತ್ತು’ ಎಂದು ಬರೆಸಿ, ಐದು ಸಾವಿರ ರೂಪಾಯಿ ಕೈಗಿಟ್ಟರು. ಹದಿನೇಳು ದಿನ ಅಮ್ಮನಿಗೆ ಒಂದು ಲೋಟ ಹಿಡಿಯಲೂ ಆಗಲಿಲ್ಲ. ಠಾಣೆಗೆ ಹೋದಾಗ ಅಮ್ಮ ಹೆದರಿ ‘ಹೊಡೆದರು’ ಎಂದಷ್ಟೇ ಹೇಳಿದರು. ಪೊಲೀಸರು ಎಫ್‌ಐಆರ್ ಹಾಕದೆ ಹಿಂಬರಹ (ಲಿಖಿತ ಉತ್ತರ) ಕೊಟ್ಟು, ರಾಜಿ ಮಾಡಿಕೊಳ್ಳಿ ಎಂದರು. ಕೇಸು ಹಾಕಿದರೆ ಬಳೆ ಕಳವಿನ ದೂರು ಕೊಡುತ್ತೇವೆ ಎಂದು ಆ ಮನೆಯವರು ಬೆದರಿಸುತ್ತಿದ್ದಾರೆ. 24 ದಿನಗಳಾದವು. ತಡವಾಯಿತೇ?
– ಒಬ್ಬ ಮಗಳು

ಉತ್ತರ: ತಡವಾಗಿಲ್ಲ, ಮಗಳೇ. ಒಂದು ವರ್ಷದವರೆಗೆ ಸೆರೆ ಇರುವ ಅಪರಾಧಗಳಿಗೆ ಕಾನೂನು ಒಂದು ವರ್ಷದ, ಅದಕ್ಕಿಂತ ಹೆಚ್ಚು ಮೂರು ವರ್ಷದವರೆಗೆ ಸೆರೆ ಇರುವವಕ್ಕೆ ಮೂರು ವರ್ಷಗಳ ಕಾಲಮಿತಿ ಇಟ್ಟಿದೆ, ಅದಕ್ಕಿಂತ ಹೆಚ್ಚಿನವಕ್ಕೆ ಕಾಲಮಿತಿಯೇ ಇಲ್ಲ. ಆದರೂ ಈ ವಾರವೇ ಹೋಗು. ತಡವಾದದ್ದು ಏಕೆಂದು ದೂರಿನಲ್ಲೇ ಬರೆಸು. ಹೆದರಿಕೆಯಿಂದ ತಡವಾಯಿತು ಎನ್ನುವುದು ನ್ಯಾಯಾಲಯಕ್ಕೆ ಅರ್ಥವಾಗುವ ಕಾರಣವೇ.

ನಿನ್ನ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಹೊಡೆದರು’ ಎಂಬ ಒಂದು ಮಾತು. ನಾನು ಸರ್ಕಾರಿ ಅಭಿಯೋಜಕಿಯಾಗಿದ್ದಾಗ ಇಂಥದೇ ಒಂದು ಪ್ರಕರಣ ನಡೆಸಿದ್ದೆ. ಕೆಲಸದ ಹೆಣ್ಣುಮಗಳಿಗೆ ಕಾದ ಸೌಟಿನಿಂದ ಬರೆ ಎಳೆದಿದ್ದರು. ದೂರಿನಲ್ಲಿ ಇದ್ದದ್ದು ಮಾತ್ರ ‘ಕೈಯಿಂದ ಹೊಡೆದು ಬೈದರು’ ಎಂದು. ಕಟಕಟೆಯಲ್ಲಿ ನಿಂತು ಆಕೆ ಸೌಟಿನ ವಿಷಯ ಹೇಳಿದಾಗ, ಪಾಟೀಸವಾಲಿನಲ್ಲಿ ಎದುರು ಪಕ್ಷದ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಅಂದೇ ಏಕೆ ಹೇಳಲಿಲ್ಲ? ಆಕೆಯ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಆರೋಪಿಯ ಬಿಡುಗಡೆಯಾಯಿತು. ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋದದ್ದು ನನಗೆ ಇಂದಿಗೂ ಮರೆತಿಲ್ಲ.

ಈ ವ್ಯತ್ಯಾಸ ಹುಟ್ಟುವುದು ಕಾನೂನಿನಲ್ಲಿಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬರಿಯ ಹೊಡೆತ 115(2)ನೇ ಕಲಮಿಗೆ ಸೇರುತ್ತದೆ. ಒಂದು ವರ್ಷದವರೆಗೆ ಸೆರೆ ಅಥವಾ ದಂಡ. ಅದು ಅಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ನಿಮಗೆ ಹಿಂಬರಹ ಸಿಕ್ಕಿದ್ದು ಹಾಗೆ. ಆದರೆ ಬೆಂಕಿಯಿಂದಲೋ ಕಾದ ವಸ್ತುವಿನಿಂದಲೋ ಗಾಯ ಮಾಡಿದರೆ ಅದು 118(1). ಮೂರು ವರ್ಷದವರೆಗೆ ಸೆರೆ, ಮತ್ತು ಸಂಜ್ಞೇಯ. ಎಫ್‌ಐಆರ್ ದಾಖಲಿಸಬೇಕು. ಕಾದ ಇಸ್ತ್ರಿಪೆಟ್ಟಿಗೆ ಎಂಬ ಪದ ದೂರಿಗೆ ಬಂದ ಕೂಡಲೇ ‘ಸಣ್ಣ ಗಲಾಟೆ’ ಎನ್ನಲು ಯಾರಿಗೂ ದಾರಿ ಉಳಿಯುವುದಿಲ್ಲ.

ಇನ್ನೂ ಒಂದಿದೆ. ಹದಿನೇಳು ದಿನ ಲೋಟ ಹಿಡಿಯಲಾಗಲಿಲ್ಲ ಎಂದು ಬರೆದಿದ್ದೀಯೆ. ಆ ಎಣಿಕೆ ಬಹಳ ದೊಡ್ಡದು. ಹದಿನೈದು ದಿನ ತೀವ್ರ ನೋವು ಉಳಿದರೆ ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದು ತೀವ್ರ ಸ್ವರೂಪದ ಗಾಯ ಎನ್ನುತ್ತದೆ 116ನೇ ಕಲಂ. ಹಳೆಯ ದಂಡ ಸಂಹಿತೆಯಲ್ಲಿ ಇದು ಇಪ್ಪತ್ತು ದಿನ ಇತ್ತು. ಕಾದ ವಸ್ತುವಿನಿಂದ ಅಂಥ ಗಾಯವಾದರೆ 118(2): ಕನಿಷ್ಠ ಒಂದು ವರ್ಷ, ಹತ್ತು ವರ್ಷದವರೆಗೂ, ಜೀವಾವಧಿಯೂ ಆಗಬಹುದು. ಅಮ್ಮ ಯಾವ ದಿನ ಮತ್ತೆ ಕೈಯಲ್ಲಿ ಪಾತ್ರೆ ಹಿಡಿದರು ಎಂಬುದನ್ನು ನೆನಪು ಮಾಡಿಕೊಂಡು ಬರೆದಿಡು. ಕೂಡಿಹಾಕಿದ್ದು 127(2)ರ ಅಡಿ ಬೇರೆಯೇ ಅಪರಾಧ. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಹೊರಗಿನಿಂದ ಚಿಲಕ ಹಾಕಿದವರು ಯಾರು, ಎಲ್ಲವೂ ದೂರಿನಲ್ಲಿ ಬರಲಿ.

‘ಬಿಸಿ ಎಣ್ಣೆ’ ಎಂದು ಬರೆಸಿದ್ದನ್ನು ಮುಚ್ಚಿಡಬೇಡಿ. ಅದು ಹೇಗೂ ಎದುರು ಪಕ್ಷದ ಕೈಗೆ ಸಿಗುತ್ತದೆ. ಪಕ್ಕದಲ್ಲಿ ನಿಂತು ಹಾಗೆ ಬರೆಸಿದವರು ಯಾರು ಎಂದು ನೀವೇ ಮೊದಲು ಹೇಳಿ. ಎಣ್ಣೆ ಸಿಡಿದ ಗಾಯ ಚದುರಿ, ಹರಿದು ಹೋಗಿರುತ್ತದೆ. ಕಾದ ಲೋಹ ಒತ್ತಿದ ಗಾಯಕ್ಕೆ ಅಂಚು ಇರುತ್ತದೆ, ಎಷ್ಟೋ ಸಲ ಆ ವಸ್ತುವಿನ ಆಕಾರವೇ ಚರ್ಮದ ಮೇಲೆ ಮೂಡಿರುತ್ತದೆ. ಅಮ್ಮನನ್ನು ಮತ್ತೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಲೆಯನ್ನು ತೋರಿಸು, ಅಳತೆ ಬರೆಯಲು ವೈದ್ಯರನ್ನು ಕೇಳು. ಮೊದಲ ದಿನಗಳಲ್ಲಿ ನಿನ್ನ ಮೊಬೈಲಿನಲ್ಲಿ ಫೋಟೊ ತೆಗೆದಿದ್ದರೆ ಆ ಮೊಬೈಲನ್ನೇ ಜೋಪಾನವಾಗಿಡು. ಕಂಡವರು ಯಾರೂ ಇಲ್ಲವೆಂದು ಎದೆಗುಂದಬೇಡ. ಇಂತಿಷ್ಟೇ ಸಾಕ್ಷಿಗಳು ಬೇಕೆಂದು ಸಾಕ್ಷ್ಯ ಕಾನೂನು ಹೇಳುವುದಿಲ್ಲ. ನಂಬಿಕೆ ಹುಟ್ಟಿಸಿದರೆ ಗಾಯಗೊಂಡವಳೊಬ್ಬಳ ಮಾತೇ ಸಾಕು.

ಐದು ಸಾವಿರ ತೆಗೆದುಕೊಂಡೆವಲ್ಲ ಎಂಬ ಅಳುಕು ಅಮ್ಮನಿಗೆ ಇರಬಹುದು. ಅದು ಅಪರಾಧವನ್ನು ಅಳಿಸುವುದಿಲ್ಲ. ಕೊಟ್ಟದ್ದು ನಿಜವೆಂದು ದೂರಿನಲ್ಲೇ ಬರೆಯಿರಿ. 118ನೇ ಕಲಂ ಠಾಣೆಯ ಮೇಜಿನ ಮೇಲೆ ರಾಜಿಯಲ್ಲಿ ಮುಗಿಯುವ ವಿಷಯವೂ ಅಲ್ಲ.

ಕಳವಿನ ಬೆದರಿಕೆ ಬಹಳ ಹಳೆಯ ಅಸ್ತ್ರ. ಕೆಲಸದವರು ಮಾಡಿದ ಕಳವಿಗೆ ಏಳು ವರ್ಷದವರೆಗೆ ಶಿಕ್ಷೆಯಿದೆ, ಅದಕ್ಕೇ ಆ ಮಾತು ಅಷ್ಟು ಹೆದರಿಸುತ್ತದೆ. ಆದರೆ ಬಳೆ ಕಳೆದದ್ದು ನಿಜವಾಗಿದ್ದರೆ ಈ 24 ದಿನ ಸುಮ್ಮನಿದ್ದದ್ದೇಕೆ? ಬೆದರಿಸಿದ ದಿನ ಮತ್ತು ಮಾತನ್ನು ನಿಮ್ಮ ದೂರಿನಲ್ಲಿ ಈಗಲೇ ಬರೆಸಿದರೆ, ಮುಂದೆ ಆ ದೂರು ಬಂದಾಗ ಅದರ ಹಿನ್ನೆಲೆ ಕಾಗದದಲ್ಲಿರುತ್ತದೆ.

ಠಾಣೆಯಲ್ಲಿ ಮತ್ತೆ ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ಕಮಿಷನರೇಟ್ ಇರುವ ಊರಾದರೆ ಡಿಸಿಪಿಯವರಿಗೆ, ಅದೇ ದೂರನ್ನು ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕಿಲ್ಲ. ವಕೀಲರಿಗೂ ಕೊಡಬೇಕಿಲ್ಲ: ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು, ಅಥವಾ 15100ಕ್ಕೆ ಕರೆ ಮಾಡು.

ಸಿಂಗಪುರದಲ್ಲಿ ಮನೆಕೆಲಸದವರನ್ನು ಹಿಂಸಿಸಿದ ಮಾಲೀಕರಿಗೆ ಸಾಮಾನ್ಯ ಶಿಕ್ಷೆಯ ಎರಡು ಪಟ್ಟಿನವರೆಗೆ ವಿಧಿಸುವ ಅವಕಾಶವಿದೆ. ನಮ್ಮಲ್ಲಿ ಅಂಥ ಕಲಂ ಇಲ್ಲ. ಮನೆಕೆಲಸದವರ ರಕ್ಷಣೆಗೆ ಪ್ರತ್ಯೇಕ ಕಾನೂನಿನ ಅಗತ್ಯವನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಕೇಂದ್ರಕ್ಕೆ ಹೇಳಿತು. ಆ ಕಾನೂನು ಬೇಗ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಅಲ್ಲಿಯವರೆಗೆ ಅಮ್ಮನ ಕೈಯಲ್ಲಿರುವುದು ಎಲ್ಲರಿಗೂ ಇರುವ ಇದೇ ಕಾನೂನು.

ಪ್ರಶ್ನೆ: ಮೇಲಿನ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗಿ ಕೆಲಸಕ್ಕಿದ್ದಾಳೆ. ರಾತ್ರಿ ಅಳು ಕೇಳುತ್ತದೆ. ನನ್ನ ಬಳಿ ಪುರಾವೆ ಇಲ್ಲ. ಏನು ಮಾಡಲಿ?
– ನೆರೆಮನೆಯವರು

ಉತ್ತರ: ಪುರಾವೆ ಹುಡುಕುವುದು ನಿಮ್ಮ ಕೆಲಸವಲ್ಲ. ಹದಿನಾಲ್ಕು ತುಂಬದ ಮಗುವನ್ನು ಮನೆಕೆಲಸಕ್ಕೆ ಇಟ್ಟುಕೊಂಡದ್ದೇ ಅಪರಾಧ, ಹೊಡೆತದ ಮಾತು ಆಮೇಲಿನದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ನೀವು ಕೇಳಿದ್ದನ್ನು ಕೇಳಿದಷ್ಟೇ ಹೇಳಿ. ಇಂದು ರಾತ್ರಿಯೂ ಅಳು ಕೇಳಿದರೆ ಬೆಳಗಿನವರೆಗೆ ಕಾಯದೆ 112ಕ್ಕೆ ಕರೆ ಮಾಡಿ, ಪೊಲೀಸರು ಬರುವವರೆಗೆ ಎಚ್ಚರವಾಗಿರಿ.