‘ಬಲ’ ಅಂದರೆ ಯಾವ ಕಡೆ? ಮದುವೆ ಫೋಟೋದವರ ಮೂರು ಪ್ರಶ್ನೆಗಳು

ಪ್ರಶ್ನೆ: ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮೊದಲೆಲ್ಲ ಒಬ್ಬನೇ ಮದುವೆ ತೆಗೆಯುತ್ತಿದ್ದೆ. ಎರಡು ವರ್ಷದಿಂದ ದೊಡ್ಡ ಮದುವೆಗಳಿಗೆ ಕಾಞಂಗಾಡಿನ ಒಬ್ಬ ಸೆಕೆಂಡ್ ಶೂಟರ್ (ಜತೆಗೆ ಫೋಟೋ ತೆಗೆಯುವ ಎರಡನೆಯವನು) ಬರುತ್ತಾನೆ, ಲೈಟ್ ಹಿಡಿಯಲು ಪೈವಳಿಕೆಯ ಒಬ್ಬ ಹುಡುಗ ಇದ್ದಾನೆ. ಇಬ್ಬರೂ ಚುರುಕು. ಆದರೆ ಮುಹೂರ್ತದ ಹೊತ್ತಿಗೆ ವಾದ್ಯದ ಗಲಾಟೆಯಲ್ಲಿ ನಾನು ಹೇಳಿದ್ದು ಅವರಿಗೆ ಮುಟ್ಟುವುದೇ ಇಲ್ಲ. ಕಿರುಚಿದರೆ ಮನೆಯವರು ತಿರುಗಿ ನೋಡುತ್ತಾರೆ. ವಾಕಿಟಾಕಿ ತೆಗೆದುಕೊಂಡರೆ ಹೇಗೆ ಸರ್?

ಉತ್ತರ: ವಾಕಿಟಾಕಿ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನದೇ ಒಂದು ಎಡವಟ್ಟು ಕೇಳಿ.

ನೀರ್ಚಾಲು ಕಡೆ ಒಂದು ಮನೆ ಮದುವೆ. ಅಂಗಳದಲ್ಲಿ ಅಡಿಕೆ ಕಂಬದ ಚಪ್ಪರ. ಲೈಟ್ ಹಿಡಿದವನು ಹೊಸಂಗಡಿ ಕಡೆಯ ಹುಡುಗ, ಮನೆಮಾತು ತುಳು. ಮದುಮಗಳ ಮುಖದ ಮೇಲೆ ಕಂಬದ ನೆರಳು ಬೀಳುತ್ತಿತ್ತು. ‘ಬಲ, ಬಲ’ ಅಂದೆ, ಬಲಗಡೆಗೆ ಸರಿ ಅಂತ. ತುಳುವಿನಲ್ಲಿ ‘ಬಲ’ ಅಂದರೆ ‘ಬಾ’ ಅಲ್ವಾ! ಹುಡುಗ ಸ್ಟ್ಯಾಂಡು, ಲೈಟಿಗೆ ಕಟ್ಟಿದ ಕೊಡೆ ಸಮೇತ ಮಂಟಪದ ಎದುರಿನಿಂದಲೇ ಸೀದಾ ನನ್ನ ಹತ್ತಿರ ಬಂದ. ಅದೇ ಹೊತ್ತಿಗೆ ಭಟ್ರು ತೆರೆ ಸರಿಸಿದರು, ಜೀರಿಗೆ ಬೆಲ್ಲ ಹಾರಿತು. ನನ್ನ ಫ್ರೇಮ್ ತುಂಬ ಬಿಳಿ ಕೊಡೆ. ಹಿಂದಿನಿಂದ ಅಜ್ಜಿಯೊಬ್ಬರ ಸ್ವರ: ‘ಆ ಕೊಡೆ ರಜ್ಜ ಅತ್ಲಾಗಿ ಮಡುಗು ಮಾಣಿ, ಎಂಗೊಗೆ ಎಂತದೂ ಕಾಣ್ತಿಲ್ಲೆ.’ ಹುಡುಗನದ್ದು ಏನೂ ತಪ್ಪಿಲ್ಲ. ಅವನಿಗೆ ಕೇಳಿಸಿದ್ದನ್ನೇ ಮಾಡಿದ.

ಇನ್ನೊಂದು ಸಲ ಮಲಯಾಳದ ಹುಡುಗನಿಗೆ ‘ಮತ್ತೆ’ ಅಂದೆ, ಇನ್ನೊಮ್ಮೆ ತೆಗೆ ಎಂಬ ಅರ್ಥದಲ್ಲಿ. ಚೆಂಡೆಯ ನಡುವೆ ಅವನಿಗೆ ಅದು ‘ಮತಿ’ ಎಂದು ಕೇಳಿತು. ಮತಿ ಅಂದರೆ ಸಾಕು. ಕ್ಯಾಮೆರಾ ಇಳಿಸಿ ನೀರು ಕುಡಿಯಲು ಹೋದ.

ಅದಕ್ಕೇ ಹೇಳುವುದು, ನಮ್ಮ ಕಾಸರಗೋಡಿನಲ್ಲಿ ಸದ್ದಿನ ತೊಂದರೆ ಅರ್ಧ, ಮಾತಿನ ತೊಂದರೆ ಇನ್ನರ್ಧ. ಒಂದೇ ಟೀಮಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಇರುತ್ತವೆ. ಕೆಲವು ಸಲ ಕೊಂಕಣಿ, ಬ್ಯಾರಿಯೂ ಸೇರುತ್ತವೆ. ವಾಕಿಟಾಕಿ ಇದ್ದರೂ ಆ ದಿನ ‘ಬಲ’ ಅಂತಲೇ ಹೇಳುತ್ತಿದ್ದೆ, ಅವನು ಬಂದೇ ಬರುತ್ತಿದ್ದ.

ಅಂದಿನಿಂದ ನಾನು ಎಡ, ಬಲ ಎಂಬ ಶಬ್ದಗಳನ್ನೇ ಬಿಟ್ಟಿದ್ದೇನೆ. ಹೇಗೂ ಯಾರ ಎಡ, ಯಾರ ಬಲ ಎಂಬ ಗೊಂದಲ ಇದ್ದದ್ದೇ. ನಾನು ಮಂಟಪಕ್ಕೆ ಮುಖ ಮಾಡಿರುತ್ತೇನೆ, ಹುಡುಗ ನನಗೆ ಮುಖ ಮಾಡಿರುತ್ತಾನೆ. ಬೆಳಿಗ್ಗೆ ಹಾಲಿಗೆ ಹೋದ ಕೂಡಲೇ ಮೂವರೂ ಮಂಟಪದ ಹತ್ತಿರ ನಿಂತು ನಾಲ್ಕು ಗುರುತು ಮಾಡಿಕೊಳ್ಳುತ್ತೇವೆ. ಒಂದು ಕಡೆ ‘ಅಡಿಗೆ’, ಎದುರು ಕಡೆ ‘ಗೇಟ್’, ಹಿಂದೆ ‘ಗೋಡೆ’, ಮುಂದೆ ‘ಕುರ್ಚಿ’. ‘ಅಡಿಗೆ ಕಡೆ ಎರಡು ಹೆಜ್ಜೆ’ ಅಂದರೆ ಯಾವ ಭಾಷೆಯವನೂ ತಪ್ಪುವುದಿಲ್ಲ. ಹುಡುಗನ ಕಡೆ, ಹುಡುಗಿ ಕಡೆ ಎಂದು ಮಾತ್ರ ಗುರುತು ಇಟ್ಟುಕೊಳ್ಳಬೇಡಿ. ಮಧ್ಯದಲ್ಲಿ ಜಾಗ ಬದಲಾಗುತ್ತದೆ, ಆಗ ಎಲ್ಲ ಉಲ್ಟಾ.

ಮುಹೂರ್ತ ಹತ್ತಿರ ಬಂದ ಮೇಲೆ ಅದೂ ಬೇಡ, ಕೈಯೇ ಸಾಕು. ನಮ್ಮಲ್ಲಿ ಐದೇ ಸನ್ನೆ. ಮುಷ್ಟಿ ಕಟ್ಟಿದರೆ ಅಲ್ಲೇ ನಿಲ್ಲು. ಅಂಗೈ ಮೇಲೆ ಮಾಡಿ ಎತ್ತಿದರೆ ಲೈಟ್ ಎತ್ತರಿಸು, ಕೆಳಗೆ ಒತ್ತಿದರೆ ತಗ್ಗಿಸು. ಮಣಿಕಟ್ಟು ತಿರುಗಿಸಿದರೆ ಲೈಟಿನ ಮುಖ ತಿರುಗಿಸು, ನೀನು ಜಾಗ ಬಿಡಬೇಡ. ತಲೆ ಮೇಲೆ ಕೈ ಇಟ್ಟರೆ ನನ್ನ ಹತ್ತಿರ ಬಾ. ಐದಕ್ಕಿಂತ ಜಾಸ್ತಿ ಮಾಡಬೇಡಿ. ನಾನೊಮ್ಮೆ ಹನ್ನೆರಡು ಮಾಡಿ ನೋಡಿದೆ, ಏಳು ನನಗೇ ಮರೆತು ಹೋಯಿತು. ಹಿಂದಿನ ದಿನ ಸಂಜೆ ಸ್ಟುಡಿಯೋ ಎದುರು ಹತ್ತು ನಿಮಿಷ ಮಾತಾಡದೆ ಅಭ್ಯಾಸ ಮಾಡಿ. ಹುಡುಗರು ನಗುತ್ತಾರೆ, ನಗಲಿ.

ಸನ್ನೆ ಮಾಡಿದರೆ ಸಾಲದು, ಅವನು ನೋಡಬೇಕು. ಇಲ್ಲೇ ಹೆಚ್ಚಿನವರು ಸೋಲುವುದು. ಲೈಟ್ ಹಿಡಿದ ಹುಡುಗ ಸಹಜವಾಗಿ ಮದುಮಗಳನ್ನು ನೋಡುತ್ತಾ ನಿಲ್ಲುತ್ತಾನೆ, ಇಲ್ಲದಿದ್ದರೆ ಮೊಬೈಲು. ‘ಮದುವೆ ನೀನು ನೋಡಬೇಡ, ನಾನು ನೋಡುತ್ತೇನೆ. ನೀನು ನನ್ನನ್ನು ನೋಡು’ ಎಂದು ಬೆಳಿಗ್ಗೆಯೇ ಹೇಳಿ. ನೀವೂ ನಾಲ್ಕೈದು ಕ್ಲಿಕ್ಕಿಗೊಮ್ಮೆ ವ್ಯೂಫೈಂಡರ್‌ನಿಂದ ಕಣ್ಣು ತೆಗೆದು ಅವನನ್ನು ನೋಡಬೇಕು.

ಸೆಕೆಂಡ್ ಶೂಟರ್ ಕತೆ ಬೇರೆ. ಅವನಿಗೆ ಸನ್ನೆ ಮಾಡುವ ಪರಿಸ್ಥಿತಿ ಬಂದರೆ, ಹಿಂದಿನ ದಿನ ನೀವು ಹೇಳಬೇಕಾದದ್ದು ಹೇಳಿಲ್ಲ ಅಂತ ಅರ್ಥ. ನಿಮ್ಮವನು ಕಾಞಂಗಾಡಿನವನು ಅಂದಿರಿ. ಅವನು ನೋಡಿದ ಮಲಯಾಳಿ ಮದುವೆಗಳಲ್ಲಿ ತಾಳಿ ಕಟ್ಟುವುದೇ ಮುಖ್ಯ ಗಳಿಗೆ. ಬೇಗ ಮುಗಿಯುತ್ತದೆ, ಆಮೇಲೆ ‘ಸದ್ಯ’, ಅಂದರೆ ಊಟ. ನಮ್ಮ ಹವ್ಯಕರ ಮದುವೆಗೋ ಬಂಟರ ಮದುವೆಗೋ ಬಂದರೆ ಅವನು ತಾಳಿಗೆ ಕಾಯುತ್ತಾ ಕೂರುತ್ತಾನೆ. ಧಾರೆ ಎರೆಯುವಾಗ ಹೆಣ್ಣಿನ ಅಪ್ಪ ಅಮ್ಮನ ಕಣ್ಣು ತುಂಬುವುದನ್ನು ತೆಗೆಯಬೇಕು ಎಂದು ಅವನಿಗೆ ಯಾರು ಹೇಳಿದ್ದಾರೆ? ಸಮುದಾಯದಿಂದ ಸಮುದಾಯಕ್ಕೆ ಕ್ರಮವೂ ಬೇರೆ. ಬೆಳಿಗ್ಗೆ ಐದು ನಿಮಿಷ ಭಟ್ರ ಹತ್ತಿರ ಕೂತು, ಯಾವುದಾದ ಮೇಲೆ ಯಾವುದು ಎಂದು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ಸೆಕೆಂಡ್ ಶೂಟರನ್ನೂ ಜತೆಗೆ ಕೂರಿಸಿಕೊಳ್ಳಿ. ಭಟ್ರಿಗೂ ಖುಷಿಯಾಗುತ್ತದೆ, ತೆರೆ ಸರಿಸುವ ಮೊದಲು ಒಮ್ಮೆ ನಿಮ್ಮ ಮುಖ ನೋಡುತ್ತಾರೆ.

ಕೆಲಸ ಹಂಚುವಾಗ ‘ನೀನು ಕ್ಯಾಂಡಿಡ್ ತೆಗೆ’ ಎಂದು ಸುಮ್ನೆ ಹೇಳಬೇಡಿ. ಅದರಲ್ಲಿ ಏನೂ ಹೇಳಿದ ಹಾಗೆ ಆಗುವುದಿಲ್ಲ. ‘ಧಾರೆ ಹೊತ್ತಿಗೆ ನಾನು 35 ಎಂಎಂ ಲೆನ್ಸ್ ಹಾಕಿಕೊಂಡು ಎದುರು ಇರುತ್ತೇನೆ, ಕೈ ಮತ್ತು ನೀರು ನನ್ನದು. ನೀನು 85 ಹಾಕಿ ಅಡಿಗೆ ಕಡೆಯ ಕಂಬದ ಹತ್ತಿರ, ಅಪ್ಪ ಅಮ್ಮನ ಮುಖ ನಿನ್ನದು. ನೀರು ಬೀಳುವ ತನಕ ಆ ಕಂಬ ಬಿಡಬೇಡ.’ ಇಷ್ಟು ಹೇಳಿದರೆ ಒಬ್ಬರ ಫ್ರೇಮಿನಲ್ಲಿ ಇನ್ನೊಬ್ಬರು ಬರುವುದೂ ತಪ್ಪುತ್ತದೆ.

ಈಗ ವಾಕಿಟಾಕಿ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 446.0ರಿಂದ 446.2 ಮೆಗಾಹರ್ಟ್ಸ್ ಒಳಗೆ ಮಾತ್ರ ಕೆಲಸ ಮಾಡುವ ಕಡಿಮೆ ಪವರಿನ ಸೆಟ್‌ಗಳು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಸೆಟ್‌ಗಳು ಈ ಮಿತಿಯವಲ್ಲ. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇವುಗಳ ಆನ್‌ಲೈನ್ ಮಾರಾಟಕ್ಕೆ ಮಾರ್ಗಸೂಚಿ ತಂದದ್ದೂ ಇದೇ ಕಾರಣಕ್ಕೆ. ತೆಗೆದುಕೊಳ್ಳುವುದಾದರೆ ಫ್ರೀಕ್ವೆನ್ಸಿ ನೋಡಿ ತೆಗೆದುಕೊಳ್ಳಿ. ದಿಬ್ಬಣ ಗೇಟಿಗೆ ಬಂತಾ, ಹೆಲಿಕ್ಯಾಮ್ ಹಾರಿಸಬಹುದಾ, ಇಂಥದ್ದಕ್ಕೆ ಅನುಕೂಲ ಇದೆ. ಮುಹೂರ್ತಕ್ಕೆ ಬೇಡ. ಸೊಂಟದಲ್ಲಿ ಗರಗರ ಅನ್ನುವ ಪೆಟ್ಟಿಗೆ ಇಟ್ಟುಕೊಂಡು ಮಂಗಳಾಷ್ಟಕದ ಪಕ್ಕ ನಿಂತರೆ ವಿಡಿಯೋದವರ ಮೈಕಿನಲ್ಲಿ ಎಲ್ಲ ಕೂರುತ್ತದೆ. ನನ್ನ ‘ಲೈಟ್, ಲೈಟ್!’ ಎಂಬ ಕೂಗು ಒಂದು ಮನೆಯವರ ಮದುವೆ ವಿಡಿಯೋದಲ್ಲಿ ಈಗಲೂ ಇದೆ. ಪ್ರತಿ ವರ್ಷ ವಿವಾಹ ವಾರ್ಷಿಕೋತ್ಸವಕ್ಕೆ ಅವರು ಅದನ್ನು ಹಾಕಿ ನಗುತ್ತಾರಂತೆ.

ಕಿವಿಗೆ ಇಯರ್‌ಬಡ್ ಹಾಕಿ ಗ್ರೂಪ್ ಕಾಲ್ ಮಾಡುವವರೂ ಇದ್ದಾರೆ. ಪೇಟೆಯ ಹಾಲ್‌ಗಳಲ್ಲಿ ನಡೆಯುತ್ತದೆ. ಒಳಗಿನ ಊರುಗಳ ತೋಟದ ಮನೆಗೆ ಹೋದರೆ ನೆಟ್‌ವರ್ಕ್ ಗುಡ್ಡ ಹತ್ತಿದರೆ ಮಾತ್ರ.

ಪ್ರಶ್ನೆ: ನಾನು ಮಂಜೇಶ್ವರದವಳು, ಬೇರೆಯವರ ಟೀಮಿನಲ್ಲಿ ಸೆಕೆಂಡ್ ಶೂಟರ್ ಆಗಿ ಹೋಗುತ್ತೇನೆ. ಮೊದಲೇ ಏನೂ ಹೇಳುವುದಿಲ್ಲ. ಕೇಳಿದರೆ ‘ನಿಮಗೆ ಗೊತ್ತುಂಟಲ್ಲ’ ಅನ್ನುತ್ತಾರೆ. ಆಮೇಲೆ ಜನರ ಎದುರೇ ಜೋರು ಮಾಡುತ್ತಾರೆ. ಇನ್ನೊಂದು, ನಾನೇ ತೆಗೆದ ಫೋಟೋಗಳನ್ನು ನನ್ನ ಇನ್‌ಸ್ಟಾಗ್ರಾಂನಲ್ಲಿ ಹಾಕಬಹುದಾ?

ಉತ್ತರ: ‘ಗೊತ್ತುಂಟಲ್ಲ’ ಅನ್ನುವವರಿಗೆ ಹೆಚ್ಚಾಗಿ ತಮಗೆ ಏನು ಬೇಕು ಅಂತ ಅವರಿಗೇ ಗೊತ್ತಿರುವುದಿಲ್ಲ. ನೀವೇ ಬರೆದು ಕಳಿಸಿ. ಹಿಂದಿನ ದಿನ ವಾಟ್ಸಾಪ್‌ನಲ್ಲಿ ಎರಡು ಸಾಲು: ‘ಅಣ್ಣ, ಬೆಳಿಗ್ಗೆ ಮದುಮಗಳ ಕೋಣೆ ನಾನು ನೋಡಿಕೊಳ್ಳುತ್ತೇನೆ. ಧಾರೆಗೆ ಹೆಣ್ಣಿನ ಮನೆಯವರ ಮುಖ ತೆಗೆಯುತ್ತೇನೆ. ಬೇರೆ ಇದ್ದರೆ ಹೇಳಿ.’ ಉತ್ತರ ಬರದಿದ್ದರೂ ಮರುದಿನ ಮಾತಿಗೆ ಆಧಾರ ಇರುತ್ತದೆ. ವಾಯ್ಸ್ ಮೆಸೇಜ್ ಬೇಡ, ಹಾಲಿನ ಗದ್ದಲದಲ್ಲಿ ಪುನಃ ಕೇಳಲು ಆಗುವುದಿಲ್ಲ.

ಒಂದು ಮಾತು ಧೈರ್ಯಕ್ಕೆ ಹೇಳುತ್ತೇನೆ. ಮದುಮಗಳು ಸೀರೆ ಉಡುವ, ಹೂ ಮುಡಿಯುವ ಕೋಣೆಗೆ ನಿಮ್ಮ ಮುಖ್ಯ ಫೋಟೋಗ್ರಾಫರ್ ಬರಲು ಆಗುವುದಿಲ್ಲ. ಅಲ್ಲಿ ನೀವೇ ಮುಖ್ಯ. ಒಳಗೆ ಎಷ್ಟು ಹೊತ್ತು ಇದೆ, ಯಾವಾಗ ಹೊರಡುತ್ತಾರೆ ಎಂದು ಹೊರಗಿನವರಿಗೆ ತಿಳಿಸುವವರೂ ನೀವೇ. ‘ಇನ್ನು ಐದು ನಿಮಿಷ, ಸೋದರಮಾವ ಬಂದಾಯಿತು’ ಎಂದು ಒಂದು ಮೆಸೇಜ್ ಹಾಕುವ ಸೆಕೆಂಡ್ ಶೂಟರನ್ನು ಯಾರೂ ಬಿಟ್ಟುಕೊಡುವುದಿಲ್ಲ.

ಜನರ ಎದುರು ಜೋರು ಮಾಡುವುದು ಕೆಟ್ಟ ಅಭ್ಯಾಸ, ಅದಕ್ಕೆ ಸಮಜಾಯಿಷಿ ಇಲ್ಲ. ಆದರೆ ಮಂಟಪದಲ್ಲಿ ವಾದ ಮಾಡಬೇಡಿ. ಸಾಮಾನು ಕಾರಿಗೆ ತುಂಬುವಾಗ, ಇಬ್ಬರೇ ಇರುವಾಗ ಹೇಳಿ. ಮೂರನೇ ಸಲವೂ ಹಾಗೇ ಆದರೆ ಬೇರೆ ಟೀಮು ನೋಡಿ. ಕಾಸರಗೋಡಿನಿಂದ ಮಂಗಳೂರಿನ ತನಕ ಸೀಸನ್‌ನಲ್ಲಿ ಹೆಣ್ಣು ಶೂಟರ್ ಬೇಕು ಎನ್ನುವ ಮನೆಗಳು ಬೇಕಾದಷ್ಟು ಇವೆ.

ಇನ್‌ಸ್ಟಾಗ್ರಾಂ ವಿಷಯ: ಕ್ಲಿಕ್ ಮಾಡಿದವರದ್ದೇ ಹಕ್ಕು ಎಂದು ತುಂಬ ಜನ ತಿಳಿದಿದ್ದಾರೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಆದ್ದರಿಂದ ನಿಮ್ಮ ಮುಖ್ಯ ಫೋಟೋಗ್ರಾಫರ್ ಮನೆಯವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡಿದ್ದಾರಾ ಎಂದು ಕೇಳಿ. ಹತ್ತು ಫೋಟೋ ನೀವು ಬಳಸಬಹುದು ಎಂದು ಅವರಿಂದಲೂ ಬರೆಸಿಕೊಳ್ಳಿ. ಇದನ್ನು ಕೇಳುವುದು ಕೆಲಸ ಒಪ್ಪಿಕೊಳ್ಳುವ ದಿನ, ಫೋಟೋ ಹಾಕಿ ಜಗಳ ಆದ ಮೇಲಲ್ಲ.

ಪ್ರಶ್ನೆ: ಸೆಕೆಂಡ್ ಶೂಟರ್ ಕ್ಲಿಕ್ ಮಾಡಿದಾಗ ನನ್ನ ಫ್ಲ್ಯಾಶ್ ಹೊಡೆಯುತ್ತದೆ. ನನಗೆ ಬೇಕಾದಾಗ ಹೊಡೆಯುವುದಿಲ್ಲ. ಎಡಿಟಿಂಗ್‌ನಲ್ಲಿ ಇಬ್ಬರ ಫೋಟೋ ಸೇರಿಸಿದರೆ ಹಿಂದೆ ಮುಂದೆ ಆಗುತ್ತದೆ. (ಕುಂಬಳೆಯಿಂದ)

ಉತ್ತರ: ಎರಡೂ ಬೆಳಗಿನ ಸಜ್ಜಿಗೆ ಅವಲಕ್ಕಿ ತಿನ್ನುವಾಗಲೇ ಮುಗಿಯುವ ಕೆಲಸ. ನಿಮ್ಮಿಬ್ಬರದ್ದೂ ಒಂದೇ ಕಂಪೆನಿಯ ಟ್ರಿಗರ್ (ಕ್ಯಾಮೆರಾದಿಂದ ಫ್ಲ್ಯಾಶ್ ಹೊಡೆಸುವ ಸಾಧನ), ಒಂದೇ ಚಾನೆಲ್. ಅವನು ಕ್ಲಿಕ್ ಮಾಡಿದ ತಕ್ಷಣ ನಿಮ್ಮ ಲೈಟ್ ಹೊಡೆದು ಖಾಲಿ. ಪೂರ್ತಿ ಪವರ್‌ನಲ್ಲಿದ್ದರೆ ಪುನಃ ತುಂಬಲು ಎರಡು ಸೆಕೆಂಡು ಬೇಕಾಗಬಹುದು, ಅಷ್ಟರಲ್ಲಿ ಮಾಲೆ ಹಾಕಿ ಆಗಿರುತ್ತದೆ. ಗೋಡಾಕ್ಸ್ ಕಂಪೆನಿಯ ಟ್ರಿಗರಿನಲ್ಲಿ 32 ಚಾನೆಲ್ ಇವೆ, ಅದರ ಮೇಲೆ ಐಡಿ ನಂಬ್ರವೂ ಇದೆ. ನಿಮಗೊಂದು, ಅವನಿಗೊಂದು. ಅದೇ ಹಾಲಿನಲ್ಲಿ ಬೇರೆ ಟೀಮು ಇದ್ದರೆ ಅವರ ನಂಬ್ರವನ್ನೂ ಕೇಳಿ. ವಿಡಿಯೋದವರ ಎಲ್‌ಇಡಿ ಮಿನುಗಿ ಫೋಟೋದಲ್ಲಿ ಪಟ್ಟಿ ಬಂದರೆ ಇಬ್ಬರೂ ಶಟರ್ ಸೆಕೆಂಡಿನ ನೂರನೇ ಒಂದಕ್ಕೆ ತನ್ನಿ. ನಮ್ಮ ಕರೆಂಟು 50 ಹರ್ಟ್ಸ್, ಲೈಟು ಅದರ ಎರಡರಷ್ಟು, ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಹೆಚ್ಚಿನ ಸಲ ಅಷ್ಟರಲ್ಲೇ ಸರಿಯಾಗುತ್ತದೆ.

ಹಿಂದೆ ಮುಂದೆ ಆಗುವುದು ಕ್ಯಾಮೆರಾದ ಗಡಿಯಾರದಿಂದ. ನಮ್ಮ ಕಡೆ ಇದಕ್ಕೊಂದು ವಿಶೇಷ ಕಾರಣವೂ ಇದೆ. ಅರ್ಧ ಕ್ಯಾಮೆರಾಗಳು ಗಲ್ಫಿನಿಂದ ಬಂದವು. ನನ್ನ ಟೀಮಿನ ಒಬ್ಬ, ತನ್ನ ಅಣ್ಣ ತಂದುಕೊಟ್ಟ ಕ್ಯಾಮೆರಾವನ್ನು ದುಬೈ ಟೈಮಿನಲ್ಲೇ ಇಟ್ಟಿದ್ದ. ಒಂದೂವರೆ ಗಂಟೆ ಹಿಂದೆ. ಸೇರಿಸಿ ನೋಡಿದರೆ ಧಾರೆಗೆ ಮೊದಲೇ ಮದುಮಕ್ಕಳು ಒಟ್ಟಿಗೆ ಕೂತು ಹೋಳಿಗೆ ತಿನ್ನುತ್ತಿದ್ದಾರೆ. ಈಗ ಬೆಳಿಗ್ಗೆ ಎಲ್ಲ ಕ್ಯಾಮೆರಾದಲ್ಲೂ ಒಂದೇ ಮೊಬೈಲಿನ ಗಡಿಯಾರದ ಫೋಟೋ ತೆಗೆಯುತ್ತೇವೆ, ಸೆಕೆಂಡು ಕಾಣುವ ಹಾಗೆ. ಹೊಂದಿಸಲು ಮರೆತಿದ್ದರೂ ಆ ಒಂದು ಫೋಟೋ ನೋಡಿ ಎಷ್ಟು ವ್ಯತ್ಯಾಸ ಎಂದು ಗೊತ್ತಾಗುತ್ತದೆ. ಎಡಿಟಿಂಗ್ ಮಾಡುವ ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ಆ ಕ್ಯಾಮೆರಾದ ಫೋಟೋಗಳನ್ನೆಲ್ಲ ಒಟ್ಟಿಗೆ ಆರಿಸಿ ತೆಗೆದ ಸಮಯವನ್ನು ಅಷ್ಟು ಮುಂದೆ ಹಾಕಿದರೆ ಆಯಿತು.