ಟಿಕೆಟ್ ಆಮೇಲೆ, ಮೊದಲು ಮದುವೆ ಪತ್ರಕ್ಕೆ ಸೀಲು

ದುಬೈಗೆ ಬಂದು ಎರಡು ತಿಂಗಳಾಯಿತು, ಸಂಬಳ 4,500 ದಿರ್ಹಮ್, ಹೆಂಡತಿ ಮಗುವಿಗೆ ಮಂಗಳೂರಿನಿಂದ ಟಿಕೆಟ್ ಮಾಡಿಬಿಡಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. 1982ರವರೆಗೂ ಬಾಂಬೆಯಿಂದ ‘ದ್ವಾರ್ಕಾ’ ಹಡಗಿನ ಡೆಕ್ಕಿನಲ್ಲಿ ದಿನಗಟ್ಟಲೆ ಕೂತು ಕೊಲ್ಲಿಗೆ ಬರುತ್ತಿದ್ದರು. ಈಗ ಸೀಟಿಗೆ ಬರವಿಲ್ಲ, ಬರ ಇರುವುದು ಕಾಗದಕ್ಕೆ ಮತ್ತು ಮನೆಗೆ.

ಸಂಸಾರದ ವೀಸಾಕ್ಕೆ ಸಂಬಳ ಕನಿಷ್ಠ 4,000 ದಿರ್ಹಮ್ ಇರಬೇಕು. ಕಂಪನಿಯೇ ವಸತಿ ಕೊಟ್ಟರೆ 3,000 ಸಾಕು. ಹಾಗಾಗಿ ನೀವು ಗೆರೆ ದಾಟಿದ್ದೀರಿ. ಆದರೆ ಅದು ವೀಸಾದ ಗೆರೆ, ಬದುಕಿನದಲ್ಲ.

ಹೆಚ್ಚಿನವರು ಎಡವುವುದು ಮದುವೆ ಪತ್ರದಲ್ಲಿ. ದೇವಸ್ಥಾನದ ರಸೀದಿ, ಕಲ್ಯಾಣ ಮಂಟಪದ ಪತ್ರ ನಡೆಯುವುದಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯದ್ದೇ ಬೇಕು. ಅದಕ್ಕೆ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಇಲ್ಲಿನ ವಿದೇಶಾಂಗ ಸಚಿವಾಲಯದ ಸೀಲು, ಅರಬ್ಬಿ ಅನುವಾದ. ಏಜೆಂಟ್ ‘ಅಪಾಸ್ಟೈಲ್ (ರಾಯಭಾರ ಕಚೇರಿಗೆ ಹೋಗದೆ ಒಂದೇ ಸೀಲಿನಲ್ಲಿ ಮುಗಿಯುವ ದೃಢೀಕರಣ) ಮಾಡಿಸಿದ್ದೇನೆ ಸಾರ್’ ಎಂದರೆ ನಿಲ್ಲಿಸಿ. ಅದು ಒಮಾನ್, ಸೌದಿಗೆ ಆಗುತ್ತದೆ, ಯುಎಇಗೆ ಆಗುವುದಿಲ್ಲ. ಮಗುವಿನ ಜನನ ಪತ್ರಕ್ಕೂ ಇದೇ ದಾರಿ. ಅದರಲ್ಲಿ ಮಗುವಿನ ಹೆಸರಿನ ಖಾನೆ ಖಾಲಿ ಇದೆಯೇ ನೋಡಿ. ಆಸ್ಪತ್ರೆಯಿಂದ ಹೋದ ದಾಖಲೆಯಲ್ಲಿ ಎಷ್ಟೋ ಸಲ ಹಾಗೇ ಇರುತ್ತದೆ. ತಾಯಿ ಅಲ್ಲಿ ‘ಸವಿತಾ ಕೆ.’, ಪಾಸ್‌ಪೋರ್ಟಿನಲ್ಲಿ ‘ಸವಿತಾ ಕೃಷ್ಣ ಶೆಟ್ಟಿ’ ಆಗಿದ್ದರೆ ಊರಲ್ಲೇ ಸರಿಮಾಡಿಸಿ. ಸೀಲು ಬಿದ್ದ ಮೇಲೆ ತಿದ್ದಿಸಿದರೆ ಮತ್ತೆ ಮೊದಲಿನಿಂದ ಶುರು.

ಇನ್ನು ಮನೆ. ವೀಸಾ ಅರ್ಜಿಗೆ ನಿಮ್ಮ ಹೆಸರಿನ ಇಜಾರಿ, ಅಂದರೆ ನೋಂದಾಯಿತ ಬಾಡಿಗೆ ಕರಾರು, ಬೇಕು. ಬೆಡ್‌ಸ್ಪೇಸಿಗೆ, ಅಂದರೆ ಹಂಚಿಕೊಂಡ ಕೋಣೆಯ ಒಂದು ಹಾಸಿಗೆಗೆ, ಅದು ಸಿಗುವುದಿಲ್ಲ. ಹಲಗೆ ಹೊಡೆದು ಪಾಲು ಮಾಡಿದ ಪಾರ್ಟಿಷನ್ ಕೋಣೆಯಂತೂ ಕಾನೂನುಬಾಹಿರ. ವರ್ಷಕ್ಕೆ 40,000 ದಿರ್ಹಮ್ ಬಾಡಿಗೆ ಎಂದುಕೊಳ್ಳಿ: ಸಾಮಾನ್ಯವಾಗಿ ಠೇವಣಿ 5%, ಬ್ರೋಕರಿಗೆ 5%, ದುಬೈನ ವಿದ್ಯುತ್–ನೀರು ಸಂಸ್ಥೆ ‘ದೇವಾ’ದಲ್ಲಿ (DEWA) ಠೇವಣಿ 2,000. ಬಾಡಿಗೆಯ ಮೊದಲ ಚೆಕ್ಕಿನ ಜೊತೆಗೇ 6,000 ಕೈಬಿಡುತ್ತದೆ. ಬಾಡಿಗೆಯ ಇನ್ನೊಂದು 5% ಹೌಸಿಂಗ್ ಫೀ ಅಂತ ದೇವಾದ ತಿಂಗಳ ಬಿಲ್ಲಿನಲ್ಲಿ ಸೇರಿ ಬರುತ್ತದೆ, ಇದನ್ನು ಮನೆ ತೋರಿಸುವವರು ಹೇಳುವುದೇ ಇಲ್ಲ. ನಿಮ್ಮ ವರ್ಷದ ಸಂಬಳ 54,000. ಕಂಪನಿ ವಸತಿ ಕೊಡುವಂತೆ ಮಾಡಿಕೊಳ್ಳಿ, ಇಲ್ಲವೇ ಶಾರ್ಜಾದಲ್ಲಿ ಹುಡುಕಿ.

ಆಮೇಲೆ ವೀಸಾ ಅರ್ಜಿ ತೆಗೆದುಕೊಳ್ಳುವ ಆಮೇರ್ ಕೇಂದ್ರದಲ್ಲಿ ಅರ್ಜಿ. ಎಂಟ್ರಿ ಪರ್ಮಿಟ್ ಕೈಗೆ ಬಂದ ದಿನ ಟಿಕೆಟ್ ಮಾಡಿ. ಅವರು ಇಳಿದ 60 ದಿನದೊಳಗೆ ರೆಸಿಡೆನ್ಸಿಗೆ ಅರ್ಜಿ ಬೀಳಬೇಕು, ಹೆಂಡತಿಗೆ ಮೆಡಿಕಲ್ ಟೆಸ್ಟ್ ಇದೆ, 18 ತುಂಬದ ಮಗುವಿಗಿಲ್ಲ. ಮೂಲ ಪತ್ರಗಳು ಚೆಕ್‌ಇನ್ ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿರಲಿ.