ಪೆಟ್ರಾ ತಂಡದಲ್ಲಿ ಎರಡು ದನಿಗಳು ಕೇಳಿಸುವುದೇಕೆ?

ಕ್ರೈಸ್ತ ರಾಕ್ ತಂಡ ಪೆಟ್ರಾದ ಹಾಡುಗಳಲ್ಲಿ ಎರಡು ಬೇರೆ ದನಿಗಳು ಕೇಳಿಸುವುದೇಕೆ, ನಿಮ್ಮ ಚರ್ಚಿನ ಯುವಜನರ ಕೂಟಕ್ಕೆ ಯಾವ ಆಲ್ಬಮ್ ಕೇಳಿಸಬಹುದು ಎಂದು ನೀವು ಬರೆದು ಕೇಳಿದ್ದೀರಿ. ಎರಡು ದನಿಗಳು ಕೇಳಿಸುತ್ತಿರುವುದಕ್ಕೆ ಬಹುಶಃ ಮುಖ್ಯ ಗಾಯಕರು ಬದಲಾದದ್ದೇ ಕಾರಣ. ಗಿಟಾರ್ ವಾದಕ ಬಾಬ್ ಹಾರ್ಟ್‌ಮನ್ ಮತ್ತು ಗೆಳೆಯರು 1972ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಕಟ್ಟಿದ ಈ ತಂಡಕ್ಕೆ 1980ರ ದಶಕದ ಮೊದಲರ್ಧದಲ್ಲಿ ಗ್ರೆಗ್ ವೋಲ್ಜ್ ಹಾಡಿದರು. 1986ರಿಂದ 2005ರ ವಿದಾಯದವರೆಗೆ ಜಾನ್ ಶ್ಲಿಟ್ ಹಾಡಿದರು.

ಹಾಡಿರುವುದು ಯಾರೆಂದು ತಿಳಿಯಲು ಮೊದಲು ಆಲ್ಬಮ್‌ನ ವರ್ಷವನ್ನು ನೋಡಿ. ಅದು 1986 ಆಗಿದ್ದರೆ ಹೆಸರನ್ನೂ ನೋಡಬೇಕು, ಏಕೆಂದರೆ ಆ ವರ್ಷದ ‘ಬ್ಯಾಕ್ ಟು ದ ಸ್ಟ್ರೀಟ್’ನಲ್ಲಿ ಶ್ಲಿಟ್ ಹಾಡಿದ್ದರೆ, ಅದೇ ವರ್ಷ ಹೊರಬಂದ ನೇರ ಕಾರ್ಯಕ್ರಮದ ಧ್ವನಿಮುದ್ರಣ ‘ಕ್ಯಾಪ್ಚರ್ಡ್ ಇನ್ ಟೈಮ್ ಆ್ಯಂಡ್ ಸ್ಪೇಸ್’ನಲ್ಲಿರುವುದು ವೋಲ್ಜ್ ಅವರ ದನಿ. ನೀವು ಆಲ್ಬಮ್ ಹೆಸರು ಬರೆದಿಲ್ಲವಾದ್ದರಿಂದ ಗೊಂದಲ ಇಲ್ಲಿಯೇ ಆಗಿದೆಯೆಂದು ಖಚಿತವಾಗಿ ಹೇಳಲಾರೆ.

ಚರ್ಚಿನ ಯುವಜನರ ಕೂಟಕ್ಕೆ ಆರಾಧನಾ ಗೀತೆಗಳಿರುವ 1989ರ ‘ಪೆಟ್ರಾ ಪ್ರೇಯ್ಸ್’ನಿಂದ ಆರಂಭಿಸಿ, ಅದರ ನಂತರ ಗ್ರ್ಯಾಮಿ ಸಂಗೀತ ಪ್ರಶಸ್ತಿ ಪಡೆದ 1990ರ ‘ಬಿಯಾಂಡ್ ಬಿಲೀಫ್’ ಕೇಳಿಸಿ. ನನ್ನ ಮಟ್ಟಿಗೆ ತಂಡದ ಅತ್ಯುತ್ತಮ ಆಲ್ಬಮ್ ಇದೇ.

ಈ ತಂಡದವರ ಕ್ರೈಸ್ತ ನಂಬಿಕೆ ಇಷ್ಟು ವರ್ಷ ಬಾಳಿದ್ದು ಹೇಗೆಂದೂ ಕೇಳಿದ್ದೀರಿ. ಅದಕ್ಕೆ ಶ್ಲಿಟ್ ಅವರ ಬದುಕನ್ನೇ ಯುವಕರಿಗೆ ಹೇಳಿ: ಹೆಡ್ ಈಸ್ಟ್ ಎಂಬ ಜನಪ್ರಿಯ ರಾಕ್ ತಂಡದ ಗಾಯಕರಾಗಿದ್ದ ಅವರು ಮಾದಕ ವಸ್ತುವಿನ ಚಟದಿಂದಾಗಿ 1980ರಲ್ಲಿ ಆ ಸ್ಥಾನ ಕಳೆದುಕೊಂಡು, ಕ್ರಿಸ್ತನಲ್ಲಿ ನಂಬಿಕೆಯಿಟ್ಟು, ಕೆಲವು ವರ್ಷ ವೇದಿಕೆಯಿಂದ ದೂರವಿದ್ದು, ಬಳಿಕವೇ ಪೆಟ್ರಾ ಸೇರಿದರು. ಇದನ್ನು ಹಾಡುಗಳಿಗೆ ಮೊದಲೇ ಹೇಳಿದರೆ ಒಳ್ಳೆಯದು.